ಒಂದೇ ಜಿಲ್ಲೆ: ಫೋನಿಗೆ ಸೊನ್ನೆ, ಅಂಗಿಗೆ ಐವತ್ತು

(ಪ್ರಸಾರ: ಸೆಪ್ಟೆಂಬರ್ 2025)

2025ರ ಆಗಸ್ಟ್ 27ರಿಂದ ನಮ್ಮದೂ ಸೇರಿ ಎಲ್ಲ ಚಾನೆಲ್‌ಗಳ ಪರದೆ ಮೇಲೆ ಒಂದೇ ಅಂಕಿ ಓಡ್ತಾ ಇತ್ತು: 50. ಭಾರತದ ಮೇಲೆ ಅಮೆರಿಕದ ಶೇ 50 ಸುಂಕ. ಒಂದು ಕಡೆ ಟ್ರಂಪ್ ಫೋಟೊ, ಇನ್ನೊಂದು ಕಡೆ ಮೋದಿ ಫೋಟೊ, ಕೆಳಗೆ 'ಸುಂಕ ಸಮರ' ಅಂತ ದಪ್ಪ ಅಕ್ಷರ. ಇದನ್ನು ನೋಡಿದ ಯಾರಿಗೇ ಆದರೂ ಭಾರತದಿಂದ ಹಡಗು, ವಿಮಾನ ಹತ್ತೋ ಪ್ರತಿಯೊಂದು ಸಾಮಾನಿನ ಮೇಲೂ ಐವತ್ತು ಬಿತ್ತು ಅನ್ನಿಸುತ್ತೆ. ವಾಸ್ತವ ಹಾಗಿಲ್ಲ. ಅದನ್ನು ತಿಳಿಯೋಕೆ ವಾಷಿಂಗ್ಟನ್‌ಗೆ ಹೋಗಬೇಕಾಗಿಲ್ಲ, ಬೆಂಗಳೂರು ಗ್ರಾಮಾಂತರ ಜಿಲ್ಲೆ ಸಾಕು. ಜುಲೈನಲ್ಲಿ ನಂದಿ ಬೆಟ್ಟದಲ್ಲಿ ನಡೆದ ಸಂಪುಟ ಸಭೆ ಇದಕ್ಕೆ 'ಬೆಂಗಳೂರು ಉತ್ತರ' ಅಂತ ಹೆಸರಿಡಲು ತೀರ್ಮಾನ ಮಾಡಿದೆ. ಜನರ ಬಾಯಲ್ಲಿ ಇನ್ನೂ ಗ್ರಾಮಾಂತರವೇ, ಹಾಗಾಗಿ ನಾನೂ ಹಾಗೇ ಕರೀತೀನಿ.

ದೇವನಹಳ್ಳಿ ಬಳಿಯ ದೊಡ್ಡಗೊಲ್ಲಹಳ್ಳಿ ಕಡೆ ಫಾಕ್ಸ್‌ಕಾನ್ ಕಂಪನಿಯ ಕಾರ್ಖಾನೆ ಇದೆ. 2023ರ ಮೇ ತಿಂಗಳಲ್ಲಿ 300 ಕೋಟಿ ರೂಪಾಯಿಗೆ ಕೊಂಡ ಸುಮಾರು 300 ಎಕರೆ ಜಾಗ. ಈ ವರ್ಷ ಅಲ್ಲಿ ಐಫೋನ್ ಜೋಡಣೆ ಶುರುವಾಗಿದೆ. ಅದೇ ಜಿಲ್ಲೆಯ ದೊಡ್ಡಬಳ್ಳಾಪುರದಲ್ಲಿ, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ ಮತ್ತು ಅಪೆರಲ್ ಪಾರ್ಕ್ ಇದೆ. ಅಲ್ಲಿನ ಗಾರ್ಮೆಂಟ್ಸ್‌ಗಳಲ್ಲಿ ಹೊರದೇಶದ ಬ್ರ್ಯಾಂಡ್‌ಗಳಿಗೆ ಬಟ್ಟೆ ಹೊಲೀತಾರೆ. ಎರಡೂ ಕಡೆ ಲೈನ್‌ನಲ್ಲಿ ಕೂರೋರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ.

ಈಗ ನೋಡಿ. ದೇವನಹಳ್ಳಿಯಲ್ಲಿ ಜೋಡಿಸಿದ ಫೋನ್ ಅಮೆರಿಕಕ್ಕೆ ಹೋದರೆ ಅದರ ಮೇಲೆ ಈ ಹೊಸ ಸುಂಕ ಸೊನ್ನೆ ಇತ್ತು. ದೊಡ್ಡಬಳ್ಳಾಪುರದಲ್ಲಿ ಹೊಲಿದ ಅಂಗಿ ಹೋದರೆ ಐವತ್ತು ಬೀಳ್ತಿತ್ತು, ಅದೂ ಹಳೇ ಸುಂಕದ ಮೇಲೆ. ಒಂದೇ ದೇಶ, ಒಂದೇ ಜಿಲ್ಲೆ, ಕೊಳ್ಳೋ ದೇಶವೂ ಒಂದೇ. ಆದರೂ ಯಾಕೆ ಹೀಗೆ? ದೇಶ ದೇಶಗಳ ನಡುವಿನ ವ್ಯಾಪಾರದಲ್ಲಿ ಅಸಮಾನತೆ ಹೇಗೆ ಕೆಲಸ ಮಾಡುತ್ತೆ ಅನ್ನೋದು ಈ ಪ್ರಶ್ನೆಯಲ್ಲೇ ಇದೆ.

ಸುಂಕ ಕಟ್ಟೋರು ಯಾರು?

ಮೊದಲು ಒಂದು ಗೊಂದಲ ಬಗೆಹರಿಸೋಣ. ಅಮೆರಿಕ ಸುಂಕ ಹಾಕಿತು ಅಂದ ತಕ್ಷಣ ಭಾರತ ಸರ್ಕಾರ ಹೋಗಿ ದುಡ್ಡು ಕಟ್ಟುತ್ತೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಹಾಗಲ್ಲ. ಅಮೆರಿಕದ ಬಂದರಿನಲ್ಲಿ ಸರಕು ಇಳಿಸಿಕೊಳ್ಳೋ ಅಲ್ಲಿನ ಆಮದುದಾರ ತನ್ನ ಸರ್ಕಾರಕ್ಕೇ ಅದನ್ನು ಕಟ್ಟಬೇಕು. ಹಾಗಿದ್ದರೆ ನಮಗೇನು ನಷ್ಟ? ಅವನು ಕಟ್ಟಿದ ದುಡ್ಡನ್ನು ಯಾರ ಹತ್ತಿರ ವಸೂಲಿ ಮಾಡ್ತಾನೆ ಅನ್ನೋದರಲ್ಲಿದೆ ಉತ್ತರ. ಒಂದೋ ತನ್ನ ಗಿರಾಕಿಗೆ ಬೆಲೆ ಏರಿಸಬೇಕು, ಇಲ್ಲಾ ತನ್ನ ಲಾಭ ಬಿಡಬೇಕು, ಇಲ್ಲಾ ನಮ್ಮ ಫ್ಯಾಕ್ಟರಿಗೆ ಫೋನ್ ಮಾಡಿ 'ರೇಟ್ ಇಳಿಸಿ' ಅನ್ನಬೇಕು. ಸಾಮಾನ್ಯವಾಗಿ ಮೂರನೆಯದೇ ಮೊದಲು ಆಗೋದು.

ಒಂದು ಉದಾಹರಣೆ ಲೆಕ್ಕ ಹಾಕೋಣ. ಗಂಡಸರ ಹತ್ತಿ ಅಂಗಿಗೆ ಅಮೆರಿಕದ ಮಾಮೂಲಿ ಸುಂಕ ಶೇ 19.7. ಒಂದು ಅಂಗಿ ಇಲ್ಲಿಂದ 10 ಡಾಲರ್‌ಗೆ ಹೊರಟಿತು ಅಂತಿಟ್ಟುಕೊಳ್ಳಿ. ಹೊಸ 50 ಸೇರಿದರೆ ಸುಂಕ ಶೇ 69.7. ಆಮದುದಾರನ ಕೈಗೆ ಬರುವಾಗ ಅಂಗಿ ಸುಮಾರು 17 ಡಾಲರ್. ಅದೇ ಅಂಗಿ ಬಾಂಗ್ಲಾದೇಶದಿಂದ ಹೋದರೆ, ಆ ದೇಶದ ಮೇಲಿನ ಹೆಚ್ಚುವರಿ ಸುಂಕ 2025ರ ಆಗಸ್ಟ್‌ನಲ್ಲಿ ಶೇ 20 ಆಗಿದ್ದರಿಂದ, ಸುಮಾರು 14 ಡಾಲರ್. ವಿಯೆಟ್ನಾಂಗೂ ಆಗ ಅದೇ 20. ಹತ್ತು ಡಾಲರ್ ಅಂಗಿಯಲ್ಲಿ ಮೂರು ಡಾಲರ್ ವ್ಯತ್ಯಾಸ! ಗಾರ್ಮೆಂಟ್ಸ್ ವ್ಯವಹಾರದಲ್ಲಿ ಮಾಲೀಕನಿಗೆ ಉಳಿಯೋ ಲಾಭವೇ ಅಷ್ಟು ಇರೋದಿಲ್ಲ. ಅವನು ಲಾಭ ಪೂರ್ತಿ ಬಿಟ್ಟುಕೊಟ್ಟರೂ ಆ ಮೂರು ಡಾಲರ್ ಹುಟ್ಟೋದಿಲ್ಲ. ಆಮೇಲೆ ಉಳಿಯೋ ದಾರಿ ಎಂಥವು? ಓವರ್‌ಟೈಮ್ ಕಟ್, ಟಾರ್ಗೆಟ್ ಏರಿಕೆ, ಒಂದು ಲೈನ್ ಬಂದ್, ಕೊನೆಗೆ 'ಆರ್ಡರ್ ಇಲ್ಲ, ಮುಂದಿನ ತಿಂಗಳು ಬನ್ನಿ'.

ಫೋನಿಗೆ ಯಾಕೆ ರಿಯಾಯಿತಿ?

2025ರ ಏಪ್ರಿಲ್ 2ರಂದು ಟ್ರಂಪ್ ಬಹುತೇಕ ದೇಶಗಳಿಗೆ ಸುಂಕದ ಪಟ್ಟಿ ಓದಿದರು. ಭಾರತಕ್ಕೆ ಆಗ 26 ಅಂದಿದ್ದರು. ಒಂಬತ್ತೇ ದಿನ ಕಳೀತು, ಏಪ್ರಿಲ್ 11ಕ್ಕೆ ಸ್ಮಾರ್ಟ್‌ಫೋನ್, ಕಂಪ್ಯೂಟರ್‌ಗಳನ್ನು ಆ ಪಟ್ಟಿಯಿಂದ ಹೊರಗಿಟ್ಟರು. ಆಗಸ್ಟ್‌ನಲ್ಲಿ ಭಾರತದ ಮೇಲೆ ಮೊದಲು 25, ನಂತರ ರಷ್ಯಾದ ತೈಲ ಕೊಳ್ಳುತ್ತೀರಿ ಅನ್ನೋ ಕಾರಣಕ್ಕೆ ಇನ್ನೊಂದು 25 ಬಿದ್ದಾಗಲೂ ಫೋನ್ ಹೊರಗೇ ಉಳೀತು.

ಇದು ಭಾರತದ ಮೇಲಿನ ಪ್ರೀತಿಗೆ ಸಿಕ್ಕ ರಿಯಾಯಿತಿ ಅಲ್ಲ. ಮೇ ತಿಂಗಳಲ್ಲಿ ಇದೇ ಟ್ರಂಪ್, ಭಾರತದಲ್ಲಿ ಕಾರ್ಖಾನೆ ಕಟ್ಟೋದು ನನಗೆ ಇಷ್ಟವಿಲ್ಲ ಅಂತ ಆ್ಯಪಲ್ ಮುಖ್ಯಸ್ಥ ಟಿಮ್ ಕುಕ್‌ಗೆ ಹೇಳಿದ್ದಾಗಿ ಬಹಿರಂಗವಾಗಿ ಹೇಳಿಕೊಂಡರು. ರಿಯಾಯಿತಿಗೆ ಕಾರಣ ಬೇರೆ. ಅಮೆರಿಕದ ಅಂಗಡಿಗೆ ಬೇಕಾದಷ್ಟು ಐಫೋನ್ ಕೊಡೋ ಶಕ್ತಿ ಇವತ್ತು ಇರೋದು ಚೀನಾಕ್ಕೆ, ಅದು ಬಿಟ್ಟರೆ ಭಾರತಕ್ಕೆ. ಏಪ್ರಿಲ್‌ನಿಂದ ಜೂನ್ ತಿಂಗಳವರೆಗೆ ಅಮೆರಿಕದಲ್ಲಿ ಮಾರೋ ಐಫೋನ್‌ಗಳಲ್ಲಿ ಬಹುಪಾಲು ಭಾರತದಿಂದಲೇ ಬರುತ್ತೆ ಅಂತ ಟಿಮ್ ಕುಕ್ ಅವರೇ ಹೇಳಿದ್ದರು. ಎರಡೂ ದೇಶದ ಮೇಲೆ ಸುಂಕ ಹಾಕಿದರೆ ಬೆಲೆ ಏರೋದು ಅಮೆರಿಕದ ಮತದಾರನಿಗೆ, ಏಟು ಬೀಳೋದು ಅಮೆರಿಕದ ಕಂಪನಿಗೆ. ಹಾಗಾಗಿ ಬಿಟ್ಟರು.

ಅಂಗಿ ಕಥೆ ಬೇರೆ. ದೊಡ್ಡಬಳ್ಳಾಪುರ ಕೊಡದಿದ್ದರೆ ಢಾಕಾ ಕೊಡುತ್ತೆ. ಢಾಕಾ ಆಗದಿದ್ದರೆ ಹೋ ಚಿ ಮಿನ್ ಸಿಟಿ, ಅದೂ ಅಲ್ಲದಿದ್ದರೆ ಕಾಂಬೋಡಿಯಾ. ಹೊಲಿಗೆ ಮೆಷಿನ್ ಎಲ್ಲ ಕಡೆ ಇದೆ, ಬಡ ಹೆಣ್ಣುಮಕ್ಕಳೂ ಎಲ್ಲ ಕಡೆ ಇದ್ದಾರೆ.

ನಮ್ಮ ಸಂತೆಯಲ್ಲಿ ನೀವು ಇದನ್ನು ನೋಡೇ ಇರ್ತೀರಿ. ಬೆಳಗ್ಗೆ ಸೊಪ್ಪು ತಂದ ರೈತ ಸಂಜೆ ನಾಲ್ಕು ಗಂಟೆಗೆ ಯಾವ ರೇಟ್ ಕೇಳಿದರೂ ಕೊಟ್ಟು ಹೋಗ್ತಾನೆ. ಅವನ ಸೊಪ್ಪು ಬಾಡುತ್ತೆ, ಊರಿಗೆ ಹೋಗೋ ಕೊನೇ ಬಸ್ಸಿಗೆ ಹೊತ್ತಾಗುತ್ತೆ. ಕೊಳ್ಳೋನಿಗೆ ಅವಸರ ಇಲ್ಲ, ಪಕ್ಕದಲ್ಲೇ ಇನ್ನೂ ನಾಲ್ಕು ಜನ ಸೊಪ್ಪು ಇಟ್ಟುಕೊಂಡು ಕೂತಿದ್ದಾರೆ. ಇಬ್ಬರೂ ಒಪ್ಪಿಯೇ ವ್ಯಾಪಾರ ಆಗೋದು, ಯಾರೂ ಯಾರನ್ನೂ ಹೊಡೆದಿಲ್ಲ. ಆದರೂ ಅದು ಸಮಾನರ ವ್ಯಾಪಾರ ಅಲ್ಲ. ಯಾರು ಕಾಯಬಲ್ಲರೋ, ಯಾರು 'ಬೇಡ ಬಿಡಪ್ಪಾ' ಅಂತ ಎದ್ದು ಹೋಗಬಲ್ಲರೋ ಅವರ ಕೈ ಮೇಲೆ. ದೇಶಗಳ ನಡುವೆಯೂ ನಡೆಯೋದು ಇದೇ.

ಫೋನಿನ ದುಡ್ಡು ಯಾರಿಗೆ ಹೋಗುತ್ತೆ?

ಹಾಗಾದರೆ ಫೋನ್ ವಿಷಯದಲ್ಲಿ ನಮ್ಮ ಕೈ ಮೇಲಾಯ್ತಾ? ಅಷ್ಟು ಬೇಗ ಚಪ್ಪಾಳೆ ಬೇಡ.

ನಾನು ಎಂಜಿನಿಯರಿಂಗ್ ಓದಿದವನು. ನಮಗೆ ಯಾವುದೇ ಸಾಧನ ಕೈಗೆ ಬಂದರೂ ಮೊದಲು ಅದರ ಬಿಡಿಭಾಗಗಳ ಪಟ್ಟಿ ನೋಡೋದು ಅಭ್ಯಾಸ: ಯಾವ ಭಾಗ, ಎಲ್ಲಿಂದ ಬಂತು, ಎಷ್ಟು ಬೆಲೆ. 2010ರ ಐಫೋನ್ 4ಕ್ಕೆ ಅಮೆರಿಕದ ಮೂವರು ಸಂಶೋಧಕರು ಇಂಥ ಲೆಕ್ಕ ಮಾಡಿದ್ದರು. ಮಾರಾಟದ ಬೆಲೆಯಲ್ಲಿ ಆ್ಯಪಲ್‌ಗೆ ಲಾಭವಾಗಿ ಉಳಿದದ್ದು ಶೇ 58.5. ಜೋಡಣೆ ನಡೆದದ್ದು ಚೀನಾದಲ್ಲಿ. ಅಲ್ಲಿನ ಕಾರ್ಮಿಕರ ಕೂಲಿಯಾಗಿ ಹೋದದ್ದು ಶೇ 1.8. ಉಳಿದದ್ದು ಬಿಡಿಭಾಗ ಮಾಡಿದ ಕೊರಿಯಾ, ಅಮೆರಿಕ, ಜಪಾನ್ ಮುಂತಾದ ಕಡೆಯ ಕಂಪನಿಗಳಿಗೆ, ಕಚ್ಚಾವಸ್ತುಗಳಿಗೆ ಹಂಚಿ ಹೋಯಿತು.

ನೂರು ರೂಪಾಯಿಯ ಫೋನಿನಲ್ಲಿ ಜೋಡಿಸಿದವರೆಲ್ಲರ ಕೂಲಿ ಸೇರಿ ಒಂದು ರೂಪಾಯಿ ಎಂಬತ್ತು ಪೈಸೆ! ಆದರೆ ಫೋನ್ ಚೀನಾದ ಬಂದರು ಬಿಡುವಾಗ ಚೀನಾದ ರಫ್ತು ಲೆಕ್ಕದಲ್ಲಿ ಕಾರ್ಖಾನೆಯ ಪೂರ್ತಿ ಬೆಲೆ ಬರೀತಾರೆ. ಅದು ಹಳೇ ಲೆಕ್ಕ, ಚೀನಾ ಆಮೇಲೆ ಬಿಡಿಭಾಗಗಳನ್ನೂ ತಾನೇ ಮಾಡೋಕೆ ಕಲಿತು ತನ್ನ ಪಾಲು ಹೆಚ್ಚಿಸಿಕೊಂಡಿತು. ಭಾರತ ಈಗ ನಿಂತಿರೋದು ಆ ಮೆಟ್ಟಿಲ ಬುಡದಲ್ಲಿ. ಚಿಪ್, ಡಿಸ್‌ಪ್ಲೇ, ಕ್ಯಾಮೆರಾಗಳಂಥ ದುಬಾರಿ ಭಾಗ ಹೊರಗಿಂದ ಬರುತ್ತೆ, ಇಲ್ಲಿ ಜೋಡಣೆ, ಪರೀಕ್ಷೆ, ಪ್ಯಾಕಿಂಗ್. ಹಾಗಾಗಿ 'ಕರ್ನಾಟಕದಿಂದ ಇಷ್ಟು ಸಾವಿರ ಕೋಟಿ ಫೋನ್ ರಫ್ತು' ಅನ್ನೋ ಹೆಡ್‌ಲೈನ್ ಬಂದಾಗ, ಅದರಲ್ಲಿ ಎಷ್ಟು ಸಾವಿರ ಕೋಟಿ ಬಿಡಿಭಾಗದ ರೂಪದಲ್ಲಿ ಮೊದಲೇ ಹೊರಗೆ ಹೋಗಿತ್ತು ಅಂತಲೂ ಕೇಳಬೇಕು.

ಯಂತ್ರ ಮತ್ತು ಕೌಶಲದಲ್ಲೂ ಇದೇ ಕಥೆ. ಜುಲೈನಲ್ಲಿ ಫಾಕ್ಸ್‌ಕಾನ್ ತನ್ನ ಭಾರತದ ಘಟಕಗಳಿಂದ ಮುನ್ನೂರಕ್ಕೂ ಹೆಚ್ಚು ಚೀನೀ ಎಂಜಿನಿಯರ್, ತಂತ್ರಜ್ಞರನ್ನು ವಾಪಸ್ ಕಳಿಸಿತು ಅಂತ ವರದಿ ಬಂತು. ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಖನಿಜಗಳ ಮ್ಯಾಗ್ನೆಟ್ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು, ನಮ್ಮ ವಾಹನ ಕಂಪನಿಗಳು ಪರದಾಡಿದವು. ಒಂದು ಕಡೆ ಕೊಳ್ಳೋ ಅಮೆರಿಕ 'ಸುಂಕ ಹಾಕ್ತೀನಿ' ಅನ್ನುತ್ತೆ. ಇನ್ನೊಂದು ಕಡೆ ಬಿಡಿಭಾಗ ಕೊಡೋ ಚೀನಾ 'ಕೊಡಲ್ಲ' ಅನ್ನುತ್ತೆ. ನಡುವೆ ಇರೋದು ನಾವು.

ಬಟ್ಟೆಗೆ ಮೊದಲಿನಿಂದಲೂ ಬೇರೆ ನಿಯಮ

ಇದೆಲ್ಲ ಟ್ರಂಪ್ ಬಂದ ಮೇಲೆ ಶುರುವಾದದ್ದು ಅಂದುಕೊಳ್ಳಬೇಡಿ. ಆ 19.7 ಹಳೇ ಸುಂಕ ಅಂತ ಆಗಲೇ ಹೇಳಿದೆನಲ್ಲ. ಅದು ಯಾಕೆ ಅಷ್ಟಿತ್ತು? ಫೋನಿಗೆ ಮಾಮೂಲಿ ಸುಂಕ ಸೊನ್ನೆ ಯಾಕಿತ್ತು?

1996ರಲ್ಲಿ ಸಿಂಗಪುರದಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದ ಆಯಿತು. ಕಂಪ್ಯೂಟರ್, ಚಿಪ್, ದೂರಸಂಪರ್ಕ ಸಾಧನಗಳಿಗೆ ಸುಂಕ ಬೇಡ ಅಂತ ಮುಂದುವರಿದ ದೇಶಗಳು ಮುಂದಾಗಿ ತಂದ ಒಪ್ಪಂದ ಅದು. 1997ರಲ್ಲಿ ಭಾರತವೂ ಸೇರಿತು. ಆ ಸಾಮಾನು ಮಾಡೋದರಲ್ಲಿ ಮುಂದಿದ್ದವರು ಅವರು. ತಾವು ಗೆಲ್ಲೋ ಮೈದಾನದಲ್ಲಿ ಗೋಡೆ ಬೇಡ ಅಂದರು.

ಬಟ್ಟೆಯಲ್ಲಿ ಗೆಲ್ಲಬಲ್ಲವರು ನಮ್ಮಂಥ ದೇಶಗಳು. ಅಲ್ಲಿ ಗೋಡೆ ಎತ್ತರ ಇತ್ತು. 1974ರಿಂದ 2004ರವರೆಗೆ, ಮೂವತ್ತು ವರ್ಷ, ಬಟ್ಟೆಗೆ ಕೋಟಾ ಇತ್ತು. ಯಾವ ಬಡ ದೇಶ ಎಷ್ಟು ಅಂಗಿ, ಎಷ್ಟು ಪ್ಯಾಂಟ್ ಕಳಿಸಬಹುದು ಅಂತ ಶ್ರೀಮಂತ ದೇಶಗಳು ಮಿತಿ ಇಟ್ಟಿದ್ದವು. ಬಹುಎಳೆ ಒಪ್ಪಂದ ಅಂತ ಅದರ ಹೆಸರು. 'ಮುಕ್ತ ವ್ಯಾಪಾರ ಎಲ್ಲರಿಗೂ ಒಳ್ಳೇದು' ಅಂತ ಪಾಠ ಹೇಳ್ತಿದ್ದ ಕಾಲದಲ್ಲೇ ಇದು ನಡೀತಿತ್ತು. 2005ರ ಜನವರಿ 1ಕ್ಕೆ ಕೋಟಾ ಹೋಯಿತು, ಸುಂಕ ಉಳೀತು. ಬಡವರು ಮಾಡೋ ಟಿ-ಶರ್ಟಿಗೆ ಶೇ 16.5, ಶ್ರೀಮಂತರು ಮಾಡೋ ಚಿಪ್‌ಗೆ ಸೊನ್ನೆ.

ಒಂದು ವಿನಾಯಿತಿ ವ್ಯವಸ್ಥೆಯೂ ಇತ್ತು. ಹಿಂದುಳಿದ ದೇಶಗಳ ಕೆಲವು ಸಾಮಾನಿಗೆ ಅಮೆರಿಕ ಸುಂಕ ಬಿಡ್ತಿತ್ತು. 2019ರ ಜೂನ್ 5ಕ್ಕೆ ಭಾರತವನ್ನು ಅದರಿಂದ ತೆಗೆದರು. ಕೃಪೆಯಿಂದ ಕೊಟ್ಟದ್ದನ್ನು ವಾಪಸ್ ತಗೊಳ್ಳೋಕೆ ಯಾರನ್ನೂ ಕೇಳಬೇಕಾಗಿಲ್ಲ ನೋಡಿ.

ರೇಷ್ಮೆಯ ಪಾಠ

ಅಮೆರಿಕವನ್ನಷ್ಟೇ ಬೈದು ಮುಗಿಸೋದು ಸುಲಭ. ದೊಡ್ಡಬಳ್ಳಾಪುರದಲ್ಲೇ ಇನ್ನೊಂದು ಕಥೆ ಇದೆ, ಅದರಲ್ಲಿ ಅಮೆರಿಕ ಇಲ್ಲವೇ ಇಲ್ಲ.

ದೊಡ್ಡಬಳ್ಳಾಪುರ ಅಂದರೆ ನೇಕಾರರ ಊರು. ಓಣಿಗೆ ಕಾಲಿಟ್ಟರೆ ಸಾಕು, ವಿದ್ಯುತ್ ಮಗ್ಗದ ಸದ್ದು. ಮಗ್ಗಕ್ಕೆ ಹಾಸಿಗೆ ಹಾಕೋ ರೇಷ್ಮೆ ನೂಲು ಗಟ್ಟಿ ಇರಬೇಕು, ಒಂದೇ ಸಮ ಇರಬೇಕು. ಎಳೆ ಪದೇ ಪದೇ ಕಿತ್ತರೆ ಮಗ್ಗ ನಿಲ್ಲುತ್ತೆ, ಕೂಲಿ ನಿಲ್ಲುತ್ತೆ. ಚೀನಾದ ದ್ವಿತಳಿ ನೂಲು ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತೆ, ಬೆಲೆಯೂ ಎಷ್ಟೋ ಸಲ ಕಡಿಮೆ. ನಮ್ಮ ರೈತರು ಹೆಚ್ಚಾಗಿ ಬೆಳೆಯೋದು ಮಿಶ್ರತಳಿ ಗೂಡು. ರೇಷ್ಮೆಯಲ್ಲಿ ಜಗತ್ತಿಗೆ ಚೀನಾ ಮೊದಲು, ಭಾರತ ಎರಡನೇದು, ಭಾರತದೊಳಗೆ ಕರ್ನಾಟಕ ಮೊದಲು.

2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಸಿದರು. ದೆಹಲಿಯಲ್ಲಿ ಬಜೆಟ್ ಭಾಷಣದ ಒಂದು ಸಾಲು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಸುಂಕ 15ಕ್ಕೆ ಏರಿತು, ನಂತರ 10ಕ್ಕೆ ಇಳೀತು, 2021ರಲ್ಲಿ ಮತ್ತೆ 15. ಸುಂಕ ಇಳಿದರೆ ನೇಕಾರ ಉಸಿರು ಬಿಡ್ತಾನೆ, ಗೂಡು ಬೆಳೆದವನಿಗೆ ಉಸಿರು ಕಟ್ಟುತ್ತೆ. ಏರಿದರೆ ತಿರುಗಾಮುರುಗಾ. ವಿಜಯಪುರ, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೂ ದೊಡ್ಡಬಳ್ಳಾಪುರದ ಮಗ್ಗಕ್ಕೂ ನಡುವೆ ಇರೋದು ಒಂದು ಗಂಟೆ ದಾರಿ, ಅಷ್ಟೆ. ಇಬ್ಬರೂ ಬಡವರೇ. ಆದರೆ ಸುಂಕದ ವಿಷಯ ಬಂದರೆ ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡ.

ಹೊರಗಿನ ದೊಡ್ಡ ದೇಶದ ಬಲ ನಮ್ಮೊಳಗೆ ಬಂದಾಗ ಹೀಗೇ ಆಗೋದು. ಅದು ಎಲ್ಲರ ಮೇಲೂ ಸಮನಾಗಿ ಬೀಳೋದಿಲ್ಲ, ನಮ್ಮಲ್ಲೇ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತೆ. 2025ರ ಆಗಸ್ಟ್‌ನಲ್ಲೂ ಅದೇ ನಡೀತು. ಅಮೆರಿಕದ ಸುಂಕದಿಂದ ಒದ್ದಾಡ್ತಿದ್ದ ಬಟ್ಟೆ ಉದ್ಯಮಕ್ಕೆ ನೆರವಾಗಲಿ ಅಂತ ಕೇಂದ್ರ ಸರ್ಕಾರ ಆಗಸ್ಟ್ 19ರಿಂದ ಹತ್ತಿ ಮೇಲಿನ ಶೇ 11 ಆಮದು ಸುಂಕ ತೆಗೀತು, ಮೊದಲು ಸೆಪ್ಟೆಂಬರ್ ಕೊನೆವರೆಗೆ ಅಂದದ್ದನ್ನು ಡಿಸೆಂಬರ್ ಕೊನೆಗೆ ವಿಸ್ತರಿಸಿತು. ಗಾರ್ಮೆಂಟ್ಸ್‌ಗೆ ಅನುಕೂಲ, ಸರಿ. ಆದರೆ ರಾಯಚೂರು, ಹಾವೇರಿ ಕಡೆ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರೋ ಕಾಲವೂ ಅದೇ. ಅಗ್ಗದ ಹೊರಗಿನ ಹತ್ತಿ ಎದುರು ಅವನು ಮಾರಬೇಕು. ವಾಷಿಂಗ್ಟನ್ ಹಾಕಿದ ಸುಂಕದ ಒಂದು ಭಾಗವನ್ನು ರಾಯಚೂರಿನ ರೈತ ಹೊತ್ತ ಹಾಗಾಯಿತು.

ಕೋರ್ಟ್ ಇದೆ, ಮೇಲ್ಮನವಿಗೆ ಜಡ್ಜ್ ಇಲ್ಲ

ಇಷ್ಟೆಲ್ಲ ಅನ್ಯಾಯ ಇದ್ದರೆ ಕೇಳೋರು ಇಲ್ವಾ ಅಂತ ನೀವು ಕೇಳಬಹುದು. ಇದ್ದಾರೆ. ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ, 1995ರಲ್ಲಿ ಶುರುವಾದದ್ದು. ಭಾರತ ಅದರ ಸ್ಥಾಪಕ ಸದಸ್ಯ. ಒಬ್ಬ ಸದಸ್ಯನಿಗೆ ಒಂದು ರೇಟ್, ಇನ್ನೊಬ್ಬನಿಗೆ ಇನ್ನೊಂದು ಅಂತ ಮನಸ್ಸಿಗೆ ಬಂದ ಹಾಗೆ ಮಾಡಬಾರದು ಅನ್ನೋದು ಅದರ ಮೂಲ ನಿಯಮ. ಜಗಳ ಆದರೆ ತೀರ್ಪು ಕೊಡೋ ಸಮಿತಿ ಇದೆ, ಅದರ ಮೇಲೆ ಮೇಲ್ಮನವಿ ಪೀಠ. ಆ ಪೀಠಕ್ಕೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಯುತ್ತಾ ಬಂತು. 2019ರ ಡಿಸೆಂಬರ್‌ನಿಂದ ಅದು ಕೆಲಸ ಮಾಡೋ ಸ್ಥಿತಿಯಲ್ಲಿಲ್ಲ. ಸೋತವನು ಮೇಲ್ಮನವಿ ಹಾಕಿದರೆ ಫೈಲ್ ಅಲ್ಲೇ ನಿಲ್ಲುತ್ತೆ.

ಇಲ್ಲೊಂದು ತಮಾಷೆಯೂ ಇದೆ. ಇದರ ಲಾಭ ನಾವೂ ಪಡೆದಿದ್ದೇವೆ. ಮಾಹಿತಿ ತಂತ್ರಜ್ಞಾನ ಒಪ್ಪಂದದ ಪ್ರಕಾರ ಫೋನಿಗೆ ಸುಂಕ ಹಾಕಬಾರದು ಅಂತ ಬೇರೆ ದೇಶಗಳ ವಾದ. ಭಾರತ 2018ರ ಹೊತ್ತಿಗೆ ಆಮದಾಗೋ ಮೊಬೈಲ್‌ಗೆ ಶೇ 20 ಸುಂಕ ಹಾಕಿತ್ತು. ಐರೋಪ್ಯ ಒಕ್ಕೂಟ, ಜಪಾನ್, ತೈವಾನ್ ದೂರು ಕೊಟ್ಟವು. 2023ರ ಏಪ್ರಿಲ್‌ನಲ್ಲಿ ತೀರ್ಪು ಭಾರತದ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು. ಪೀಠವೇ ಇಲ್ಲ!

ಆ ಸುಂಕದ ಗೋಡೆ, ಅದರ ಜೊತೆಗೆ 2020ರಲ್ಲಿ ಕೇಂದ್ರ ಶುರು ಮಾಡಿದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ, ಇವೆರಡೂ ಇಲ್ಲದಿದ್ದರೆ ಫೋನ್ ಜೋಡಣೆ ಭಾರತಕ್ಕೆ ಇಷ್ಟು ಬೇಗ ಬರೋದು ಕಷ್ಟ ಇತ್ತು. ಕಟ್ಟುನಿಟ್ಟಾಗಿ ನಿಯಮ ಪಾಲಿಸಿದ್ದರೆ ದೇವನಹಳ್ಳಿಗೆ ಐಫೋನ್ ಬರ್ತಿತ್ತಾ ಅನ್ನೋದು ಯೋಚನೆ ಮಾಡಬೇಕಾದ ಮಾತು. ಇವತ್ತು ನಿಯಮದ ಪುಸ್ತಕ ಹಿಡಿದಿರೋ ದೇಶಗಳಲ್ಲಿ ಬಹುತೇಕ ದೇಶಗಳೂ ತಾವು ಮೇಲೇರುವಾಗ ಇಂಥ ಗೋಡೆ ಕಟ್ಟಿಕೊಂಡೇ ಏರಿದವು.

ಇನ್ನೊಂದು ಮಾತನ್ನೂ ಹೇಳಬೇಕು. ನಮಗಿಂತ ಚಿಕ್ಕವರ ಎದುರು ನಾವೂ ದೊಡ್ಡವರೇ. ಈ ಮೇ 17ರಂದು ಭಾರತ, ಬಾಂಗ್ಲಾದೇಶದ ಸಿದ್ಧ ಉಡುಪು ಗಡಿಯ ಭೂಮಾರ್ಗದಲ್ಲಿ ಬರೋದನ್ನು ನಿಲ್ಲಿಸಿತು. ಎರಡು ಸರ್ಕಾರಗಳ ಜಗಳಕ್ಕೆ ನೂರು ಕಾರಣ ಇರಬಹುದು. ಢಾಕಾದ ಹೊಲಿಗೆ ಹೆಂಗಸಿಗೆ ಅದು ಕಾಣೋದು, ದೊಡ್ಡಬಳ್ಳಾಪುರದ ಹೆಂಗಸಿಗೆ ಟ್ರಂಪ್ ಆದೇಶ ಕಂಡ ಹಾಗೇ.

ಜಮೀನು ಎದ್ದು ಹೋಗೋದಿಲ್ಲ

ದೇಶ ದೇಶಗಳ ನಡುವೆ ಇರೋ ಈ ಎಳೆದಾಟ ರಾಜ್ಯ ರಾಜ್ಯಗಳ ನಡುವೆಯೂ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ಹೋರಾಟ ನಿಮಗೆಲ್ಲ ಗೊತ್ತು. 13 ಹಳ್ಳಿ, 1,777 ಎಕರೆ. 2022ರ ಏಪ್ರಿಲ್‌ನಿಂದ ಸಾವಿರಕ್ಕೂ ಹೆಚ್ಚು ದಿನ ರೈತರು ಧರಣಿ ಕೂತರು. ಈ ಜುಲೈ 15ರಂದು ಭೂಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಹೇಳಿದ ಬೆನ್ನಿಗೇ ಆಂಧ್ರದ ಸಚಿವ ನಾರಾ ಲೋಕೇಶ್, ಏರೋಸ್ಪೇಸ್ ಕಂಪನಿಗಳು ನಮ್ಮಲ್ಲಿಗೆ ಬನ್ನಿ, 8,000 ಎಕರೆ ರೆಡಿ ಇದೆ ಅಂತ ಕರೆದರು.

ಅವರನ್ನು ದೂರಿ ಪ್ರಯೋಜನ ಇಲ್ಲ, ಅವರ ರಾಜ್ಯಕ್ಕೆ ಅವರು ದುಡೀತಿದ್ದಾರೆ. ಆದರೆ ಆಟ ಗಮನಿಸಿ. ಬಂಡವಾಳ ಎದ್ದು ಹಿಂದೂಪುರ ದಾಟಿ ಹೋಗಬಲ್ಲದು. ರೈತನ ಜಮೀನು ಚನ್ನರಾಯಪಟ್ಟಣದಲ್ಲೇ ಇರುತ್ತೆ. ಕಂಪನಿ ಹೋಗಿಬಿಡುತ್ತೆ ಅನ್ನೋ ಭಯಕ್ಕೆ ಅಗ್ಗದ ಜಮೀನು, ಅಗ್ಗದ ನೀರು-ಕರೆಂಟು, ಸಡಿಲ ಕಾರ್ಮಿಕ ನಿಯಮ ಅಂತ ರಾಜ್ಯಗಳು ಹರಾಜು ಕೂಗ್ತವೆ. ಹೊರಗೆ ನಾವು ಬಾಂಗ್ಲಾ, ವಿಯೆಟ್ನಾಂ ಜೊತೆ ಹರಾಜು, ಒಳಗೆ ಆಂಧ್ರ, ತಮಿಳುನಾಡು ಜೊತೆ ಹರಾಜು.

ಹಾಗಾದರೆ ದಾರಿ ಏನು?

'ವ್ಯಾಪಾರವೇ ಬೇಡ, ಬಾಗಿಲು ಹಾಕಿಬಿಡೋಣ' ಅನ್ನೋರಿದ್ದಾರೆ. ನಾನು ಒಪ್ಪೋದಿಲ್ಲ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಬಾಗಿಲು ಹಾಕಿದರೆ ಅಲ್ಲಿನ ಹೆಣ್ಣುಮಗಳ ಕೈಗೆ ತಿಂಗಳಿಗೊಮ್ಮೆ ಬರೋ ಸಂಬಳವೂ ಇಲ್ಲ. ಬುಡದ ಮೆಟ್ಟಿಲು ಅವಮಾನ ಅಲ್ಲ. ಅಲ್ಲೇ ಉಳಿಯೋದು ಸಮಸ್ಯೆ.

ಫಾಕ್ಸ್‌ಕಾನ್ ಕಥೆಯನ್ನೇ ನೋಡಿ. 1974ರಲ್ಲಿ ತೈವಾನ್‌ನಲ್ಲಿ ಟೆರ್ರಿ ಗೌ ಅನ್ನೋರು ಶುರು ಮಾಡಿದಾಗ ಅದು ಕಪ್ಪು-ಬಿಳುಪು ಟಿವಿಗೆ ಚಾನೆಲ್ ತಿರುಗಿಸೋ ಪ್ಲಾಸ್ಟಿಕ್ ಗುಬುಟು ಮಾಡ್ತಿತ್ತು. ಗುಬುಟಿನಿಂದ ಕನೆಕ್ಟರ್, ಕನೆಕ್ಟರ್‌ನಿಂದ ಕಂಪ್ಯೂಟರ್, ಅಲ್ಲಿಂದ ಐಫೋನ್. ಅದೇ ತೈವಾನ್ 1987ರಲ್ಲಿ ಚಿಪ್ ತಯಾರಿಸೋ ಟಿಎಸ್‌ಎಂಸಿ ಕಟ್ಟಿತು. ಇವತ್ತು ಆ ಚಿಪ್ ಇಲ್ಲದೆ ಅಮೆರಿಕಕ್ಕೂ ನಡೆಯೋದಿಲ್ಲ. ಕರ್ನಾಟಕದ ಮೂರನೇ ಒಂದು ಭಾಗವೂ ಇಲ್ಲದ ದ್ವೀಪ ಅದು. ಬೆಂಗಳೂರಿಗೂ ಇದು ಹೊಸದಲ್ಲ. 1948ರಲ್ಲೇ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಟೆಲಿಫೋನ್ ಮಾಡೋಕೆ ಹುಟ್ಟಿತು. ಶುರು ಮಾಡಿದ್ದೆವು, ಮೇಲಿನ ಮೆಟ್ಟಿಲು ಹತ್ತೋದರಲ್ಲಿ ಹಿಂದೆ ಬಿದ್ದೆವು.

ಈಗ ಮತ್ತೊಂದು ಅವಕಾಶ ಇದೆ. ಬಿಡಿಭಾಗ ಇಲ್ಲೇ ಆಗಲಿ ಅಂತ ಕೇಂದ್ರ ಸಂಪುಟ ಮಾರ್ಚ್ ಕೊನೆಯಲ್ಲಿ 22,919 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಜುಲೈ 24ರಂದು ಬ್ರಿಟನ್ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. ಅದು ಜಾರಿಯಾದ ಮೇಲೆ ನಮ್ಮ ಬಟ್ಟೆಗೆ ಅಲ್ಲಿ ಸುಂಕ ಇರೋದಿಲ್ಲ. ಗಿರಾಕಿ ಒಬ್ಬನೇ ಆಗಬಾರದು ಅನ್ನೋ ಪಾಠಕ್ಕೆ ಇದು ಒಂದು ಉತ್ತರ. ಆದರೆ ಇವೆಲ್ಲ ಫಲ ಕೊಡೋಕೆ ವರ್ಷಗಳು ಬೇಕು. ಗಾರ್ಮೆಂಟ್ಸ್ ಹೆಣ್ಣುಮಗಳ ಮನೆ ಬಾಡಿಗೆ ಮುಂದಿನ ತಿಂಗಳ ಐದನೇ ತಾರೀಖಿಗೆ ಕಟ್ಟಬೇಕು. ರಫ್ತುದಾರನಿಗೆ ಸಾಲದ ನೆರವು, ಹತ್ತಿ ಸುಂಕ ಮನ್ನಾ ಅಂತ ಚರ್ಚೆ ಮಾಡೋ ಸರ್ಕಾರಗಳು, ಆರ್ಡರ್ ನಿಂತು ಲೈನ್ ಬಂದ್ ಆದ ತಿಂಗಳು ಅವಳ ಕೈಗೆ ಎಷ್ಟು ಸಿಗುತ್ತೆ ಅನ್ನೋದನ್ನೂ ಹೇಳಬೇಕು. ಸುಂಕದ ಏಟು ತಿಂದವರ ಪಟ್ಟಿಯಲ್ಲಿ ಮೊದಲ ಹೆಸರು ಅವಳದು, ನೆರವಿನ ಪಟ್ಟಿಯಲ್ಲಿ ಕೊನೆಯದಾಗಬಾರದು.

ಅಮೆರಿಕದ ಜೊತೆ ಮಾತುಕತೆ ಆಗಬಹುದು, ಸುಂಕ ಇಳಿಯಬಹುದು. ಆಗ ನಾವೆಲ್ಲ 'ಭಾರತಕ್ಕೆ ಜಯ' ಅಂತ ಬ್ರೇಕಿಂಗ್ ನ್ಯೂಸ್ ಹಾಕ್ತೀವಿ. ಅವತ್ತೂ ನೀವು ಮೂರು ಪ್ರಶ್ನೆ ಕೇಳಿ. ಇಲ್ಲಿಂದ ಹೊರಟ ಸರಕಿನ ಬೆಲೆಯಲ್ಲಿ ಎಷ್ಟು ಇಲ್ಲೇ ಉಳೀತು? ನಾಳೆ ಕೊಳ್ಳೋನು 'ಬೇಡ' ಅಂದರೆ ನಮಗೆ ಇನ್ನೊಬ್ಬ ಗಿರಾಕಿ ಇದ್ದಾನಾ? ಈ ರಿಯಾಯಿತಿ ಪಡೆಯೋಕೆ ನಾವು ಏನು ಬಿಟ್ಟುಕೊಟ್ಟೆವು, ಯಾವ ಊರಿನ ಯಾವ ರೈತ ಅದನ್ನು ತೆರಬೇಕು? ಈ ಮೂರಕ್ಕೂ ಉತ್ತರ ಕೊಡದ ಸುದ್ದಿ, ನಮ್ಮ ಚಾನೆಲ್ಲಿನದೇ ಆದರೂ, ಅರ್ಧ ಸುದ್ದಿ.